ಲಂಡನ್ 2012: ಪದಕಪಟ್ಟಿಯ ಆಚೆ

1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ನಡೆಸಿದ, ಪ್ಯಾರಾಲಿಂಪಿಕ್ಸ್‌ಗೆ ಬೀಜವಾದ ಬಿಲ್ಲುಗಾರಿಕೆ ಸ್ಪರ್ಧೆಯಲ್ಲಿ ಭಾಗವಹಿಸಿದವರು 16 ಮಂದಿ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮಾರಾಟವಾದ ಟಿಕೆಟ್‌ಗಳೇ ಸುಮಾರು 27 ಲಕ್ಷ! ಆದರೆ ಆತಿಥ್ಯದ ಫಲ ಕ್ರೀಡಾಪಟುಗಳಿಗೆ ಎಷ್ಟು ದಕ್ಕಿತು? ಬ್ರಿಟನ್ನಿನ ಪದಕಗಳು ತವರಿನಲ್ಲಿ 120, ರಿಯೊದಲ್ಲಿ (2016) 147. ಉತ್ಸವ ಮುಗಿದ ಮೇಲೂ ಗೆಲುವು ಸೊರಗಲಿಲ್ಲ. ಗಾಲಿಕುರ್ಚಿ ಟೆನಿಸ್ ನಡೆದ ಈಟನ್ ಮ್ಯಾನರ್ ತಾಣ 2014ರಲ್ಲಿ ಹಾಕಿ-ಟೆನಿಸ್ ಕೇಂದ್ರವಾಗಿ ಸಾರ್ವಜನಿಕರಿಗೆ ತೆರೆಯಿತು. ಒಲಿಂಪಿಕ್ ಕ್ರೀಡಾಂಗಣಕ್ಕೆ 2017ರಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಬಂತು. ಪದಕ ಗೆಲ್ಲದವರ ಉದ್ಯೋಗ, ಓಡಾಟದ ಪಾಡು ಮಾತ್ರ ಈ ಅಂಕಿಗಳಲ್ಲಿ ಕಾಣದು.

ನೆನಪಿಡಿ: ಲಂಡನ್ನಿನಲ್ಲಿ ಭಾರತದ ಏಕೈಕ ಪದಕ, ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ (ಎಫ್-42 ವಿಭಾಗ) 1.74 ಮೀಟರ್ ಹಾರಿ ಗೆದ್ದ ಬೆಳ್ಳಿ.