ಬೂಷ್ಟಿನಲ್ಲಿ ವಿಷವಿವೇಚನೆ

ರೂಪಸಾಮ್ಯದಿಂದ ಗುಣಸಾಮ್ಯವನ್ನು ಊಹಿಸುವುದು ಅಪಾಯಕರ. ಶೇಂಗಾ, ಮೆಕ್ಕೆಜೋಳಗಳನ್ನು ಬಾಧಿಸುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಮಿಶ್ರಿತ ಹಸುರು ಬೂಷ್ಟು ಇದಕ್ಕೆ ನಿದರ್ಶನ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಅಸುನೀಗಿದವು. ಅವುಗಳಿಗೆ ಹಾಕಿದ್ದ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯಲ್ಲಿ ಈ ಬೂಷ್ಟಿನ ವಿಷವಿತ್ತೆಂಬುದು ಬಳಿಕ ಪತ್ತೆಯಾಯಿತು. ಅಫ್ಲಟಾಕ್ಸಿನ್ ಎನಿಸಿಕೊಂಡ ಅದು ಮನುಷ್ಯರ ಯಕೃತ್ತಿನಲ್ಲಿ ಅರ್ಬುದರೋಗವನ್ನು ಉಂಟುಮಾಡಬಲ್ಲುದು; ಅಡುಗೆಯ ಬಿಸಿಗೂ ಪೂರ್ಣವಾಗಿ ಅಳಿಯದು.

ಆದರೆ ಫ್ಲೇವಸ್ ಜಾತಿಯ ತಳಿಗಳೆಲ್ಲ ವಿಷಕಾರಿಗಳಲ್ಲ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಅವುಗಳ ಭೇದವನ್ನು ಅರಿಯಲು ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷೆಯನ್ನು ಅವಲಂಬಿಸುತ್ತಾರೆ. ವಿಷೋತ್ಪತ್ತಿಗೆ ಬೇಕಾದ ಸುಮಾರು 25ರಿಂದ 30 ಜೀನುಗಳು ಅದರಲ್ಲಿ ಒಂದೆಡೆ ಗುಂಪಾಗಿವೆ. ಪಿ.ಸಿ.ಆರ್. ವಿಧಾನದಿಂದ ಆ ಜೀನುಗಳ ಅಂಶಗಳನ್ನು ಅಸಂಖ್ಯ ಪ್ರತಿಗಳಾಗಿ ವೃದ್ಧಿಸಿ ನೋಡಿದಾಗ, ಮುಖ್ಯ ಜೀನುಗಳೇ ಲೋಪವಾಗಿರುವ ತಳಿ ಈ ವಿಷವನ್ನು ಉತ್ಪಾದಿಸದೆಂಬುದು ಸಿದ್ಧವಾಗುತ್ತದೆ.

ಜೀನುಗಳಿದ್ದ ಮಾತ್ರಕ್ಕೆ ವಿಷವುಂಟೆಂದು ಹೇಳಲಾಗದು. ಜಪಾನಿನಲ್ಲಿ ಸೋಯಾ ಸಾಸಿನ ತಯಾರಿಕೆಗೆ ಬಳಸುವ ಆಸ್ಪರ್ಜಿಲಸ್ ಒರೈಜೆ, ಫ್ಲೇವಸ್ಸಿನ ಸಮೀಪಬಂಧು; ಅದರ ಕೆಲವು ತಳಿಗಳಲ್ಲಿ ಈ ಜೀನುಗಳು ಬಹುಮಟ್ಟಿಗೆ ಉಳಿದಿದ್ದರೂ ನಿಷ್ಕ್ರಿಯವಾಗಿವೆ. ಆದುದರಿಂದ ಬೂಷ್ಟಿನ ಕುಲವನ್ನು ಅರಿತ ಬಳಿಕವೂ ಕಾಳಿನಲ್ಲಿರುವ ವಿಷವನ್ನೇ ಅಳೆಯಬೇಕು. ಬೂಷ್ಟು ಹಿಡಿದ ಕಾಳನ್ನು ದನಕ್ಕೂ ಹಾಕಬಾರದು; ಹಸು ತಿಂದ ವಿಷದ ಅಂಶ ಹಾಲಿಗಿಳಿದು ಮಕ್ಕಳ ಬಟ್ಟಲನ್ನು ಸೇರುತ್ತದೆ.