ದುಡಿಮೆ ಬೇಕು, ವೇದಿಕೆ ಬೇಡ

ಪ್ರಶ್ನೆ: ಇಸ್ರೇಲಿನ ಕಟ್ಟಾ ಸಂಪ್ರದಾಯಸ್ಥ ಯಹೂದಿಗಳಲ್ಲಿ ಗಂಡಸರು ಧರ್ಮಗ್ರಂಥ ಓದುತ್ತ ಕೂರುತ್ತಾರೆ, ಹೆಂಗಸರೇ ದುಡಿದು ಮನೆ ನಡೆಸುತ್ತಾರೆ ಎಂದು ಕೇಳಿದ್ದೇನೆ. ಹಾಗಿದ್ದ ಮೇಲೆ ಅಲ್ಲಿ ಕೆಲಸದ ಜಾಗದಲ್ಲಿ ಹೆಣ್ಣಿಗೆ ತಾರತಮ್ಯ ಎಂಬ ದೂರು ಯಾಕೆ?

ಉತ್ತರ: ನೀವು ಕೇಳಿದ್ದು ಬಹುಮಟ್ಟಿಗೆ ನಿಜ. ಹರೇದಿ ಎಂದು ಕರೆಸಿಕೊಳ್ಳುವ ಈ ಸಮುದಾಯದಲ್ಲಿ ದುಡಿಯುವ ವಯಸ್ಸಿನ ಹೆಂಗಸರ ಪೈಕಿ ಶೇ. 80ರ ಆಸುಪಾಸು ಮಂದಿ ಉದ್ಯೋಗದಲ್ಲಿದ್ದಾರೆ. ಗಂಡಸರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ. ಮದುವೆಯಾದ ಮೇಲೂ ಗಂಡ ವಿವಾಹಿತರ ಧರ್ಮಪಾಠಶಾಲೆಯಾದ ‘ಕೊಲ್ಲೆಲ್’ನಲ್ಲಿ ಕೂತು ಧರ್ಮಗ್ರಂಥ ತಾಲ್ಮುಡ್ ಓದುವುದು ಅಲ್ಲಿ ಮನೆತನಕ್ಕೇ ಗೌರವ. ಆದರೆ ಅದರಿಂದ ಬರುವ ಪುಡಿಗಾಸಿನಲ್ಲಿ ಸಂಸಾರ ಸಾಗುವುದಿಲ್ಲ. ಆದ್ದರಿಂದ ಹೆಣ್ಣುಮಕ್ಕಳನ್ನು ಚಿಕ್ಕಂದಿನಿಂದಲೇ ದುಡಿಮೆಗೆ ತಯಾರು ಮಾಡುತ್ತಾರೆ. ಪೋಲೆಂಡಿನ ಕ್ರಾಕೋವ್‌ನಲ್ಲಿ ಬಟ್ಟೆ ಹೊಲಿಯುತ್ತಿದ್ದ ಸಾರಾ ಶೆನಿರರ್ 1917ರಲ್ಲಿ ಆರಂಭಿಸಿದ ‘ಬೇಯ್ಸ್ ಯಾಕೋವ್’ ಮಾದರಿಯ ಶಾಲೆಗಳಲ್ಲೇ ಇವರ ಓದು. ಬಹುಕಾಲ ಅಲ್ಲಿಂದ ಹೊರಬಂದವರು ಟೀಚರ್ ಆಗುತ್ತಿದ್ದರು. ಆ ಹುದ್ದೆಗಳು ತುಂಬಿಹೋದ ಮೇಲೆ ಪ್ರೋಗ್ರಾಮಿಂಗ್ ಬಂತು.

ಇಲ್ಲಿ ನಮಗೂ ಒಂದು ನಂಟಿದೆ. 2000ದ ದಶಕದ ಮಧ್ಯದಲ್ಲಿ ಪಶ್ಚಿಮ ದಂಡೆಯ ಹರೇದಿ ವಸತಿ ಮೋದಿಇನ್ ಇಲ್ಲಿತ್‌ನಲ್ಲಿ ಇಸ್ರೇಲಿ ಐಟಿ ಕಂಪನಿಗಳು ಈ ಹೆಂಗಸರಿಗಾಗಿಯೇ ಕೇಂದ್ರಗಳನ್ನು ತೆರೆದವು. ಕೆಲಸವನ್ನು ಭಾರತಕ್ಕೆ ಕಳಿಸುವುದು ಬೇಡ, ಇಲ್ಲೇ ಅಗ್ಗವಾಗಿ ಆಗುತ್ತದೆ ಎಂಬುದು ಅವುಗಳ ವ್ಯಾಪಾರದ ಮಾತು. ಬೆಂಗಳೂರಿನ ಸಂಬಳದ ಜೊತೆ ಪೈಪೋಟಿ! ಕೇಂದ್ರಗಳಲ್ಲಿ ಅನುಕೂಲಗಳಿದ್ದವು, ಇಲ್ಲವೆನ್ನಲಾಗದು. ಆಫೀಸು ಮನೆಯ ಹತ್ತಿರ, ಅಡುಗೆಮನೆ ಯಹೂದಿ ಆಹಾರ ನಿಯಮದಂತೆ ಕೋಷರ್, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಕೆಲಸ ಮುಗಿಯುತ್ತಿತ್ತು. ಹೆಂಗಸರು ಕೇಳಿದ್ದೂ ಇದನ್ನೇ. ಆದರೆ ಇಷ್ಟು ಕೊಟ್ಟಿದ್ದಕ್ಕೆ ಕಂಪನಿ ಸಂಬಳಕ್ಕೆ ಕತ್ತರಿ ಹಾಕಿತು. ಯೂನಿವರ್ಸಿಟಿ ಡಿಗ್ರಿ ಇಲ್ಲ, ಗಂಟೆ ಕಡಿಮೆ ಎಂಬ ಕಾರಣಗಳಲ್ಲಿ ಸ್ವಲ್ಪ ಹುರುಳಿದೆ. ನಾಳೆ ಟೆಲ್ ಅವೀವ್‌ನ ಆಫೀಸಿಗೆ ಎದ್ದು ಹೋಗಲಾರಳು ಎಂಬ ಹೇಳದ ಲೆಕ್ಕವೂ ಇದೆ. ಸಮಾನ ವೇತನಕ್ಕೆ ಇಸ್ರೇಲಿನಲ್ಲಿ 1996ರ ಕಾಯ್ದೆಯಿದೆ. ಆದರೆ ಅದು ಒಂದೇ ಮಾಲೀಕನ, ಒಂದೇ ಕೆಲಸದ ಜಾಗದ ಗಂಡು ಹೆಣ್ಣುಗಳನ್ನು ಹೋಲಿಸಿ ನೋಡುತ್ತದೆ. ಬರೀ ಹೆಂಗಸರಿರುವ ಕೇಂದ್ರದಲ್ಲಿ ಯಾರ ಪಕ್ಕದಲ್ಲಿಟ್ಟು ಹೋಲಿಸುವುದು?

ಸಂಬಳಕ್ಕಿಂತ ನನಗೆ ಹೆಚ್ಚು ಕಸಿವಿಸಿಯಾಗುವುದು ಇನ್ನೊಂದು ಸಂಗತಿಯಲ್ಲಿ. 2011ರಲ್ಲಿ ವೈದ್ಯೆ, ಪ್ರೊಫೆಸರ್ ಹನ್ನಾ ಮಾಯಾನ್ ಅವರ ಪುಸ್ತಕಕ್ಕೆ ಇಸ್ರೇಲಿನ ಆರೋಗ್ಯ ಸಚಿವಾಲಯದ ಬಹುಮಾನ ಬಂತು. ಯಹೂದಿಗಳಲ್ಲಿ ಹೆಚ್ಚಾಗಿ ಕಾಣುವ ಆನುವಂಶಿಕ ಕಾಯಿಲೆಗಳ ಮೇಲಿನ ಪುಸ್ತಕ ಅದು. ಖಾತೆ ಆಗ ಹರೇದಿ ಪಕ್ಷದ ಯಾಕೋವ್ ಲಿಟ್ಜ್‌ಮನ್ ಕೈಯಲ್ಲಿತ್ತು.  ಬಹುಮಾನದ ಸಮಾರಂಭಕ್ಕೆ ಮಾಯಾನ್ ಉದ್ದ ತೋಳು, ಉದ್ದ ಲಂಗ ತೊಟ್ಟೇ ಬಂದಿದ್ದರು. ಆದರೂ ಗಂಡನಿಂದ ದೂರ, ಹೆಂಗಸರ ಕಡೆ ಕೂರಬೇಕಾಯಿತು. ಹೆಣ್ಣು ವೇದಿಕೆ ಹತ್ತುವಂತಿಲ್ಲ, ಬಹುಮಾನವನ್ನು ಗಂಡಸು ಸಹೋದ್ಯೋಗಿಯೊಬ್ಬರು ನಿಮ್ಮ ಪರವಾಗಿ ಪಡೆಯಲಿ ಎಂದು ಅವರಿಗೆ ಹೇಳಲಾಯಿತು. ಇದು ಮಠದ ಕಾರ್ಯಕ್ರಮವಲ್ಲ, ಸರ್ಕಾರದ್ದು. ಮರುವರ್ಷ ಜೆರುಸಲೇಮಿನಲ್ಲಿ ನಡೆದ ಸ್ತ್ರೀರೋಗ ಮತ್ತು ಧರ್ಮಶಾಸ್ತ್ರದ ಸಮ್ಮೇಳನವೊಂದರಲ್ಲಿ ಮಾತಾಡಲು ಒಬ್ಬ ವೈದ್ಯೆಗೂ ಅವಕಾಶವಿರಲಿಲ್ಲ. ಸ್ತ್ರೀರೋಗದ ಸಮ್ಮೇಳನ! ಪ್ರತಿಭಟನೆ ಎದ್ದಾಗ ಕೆಲವು ವೈದ್ಯರು ಹಿಂದೆ ಸರಿದರು.

ಇದಕ್ಕೆಲ್ಲ ಕೊಡುವ ಕಾರಣ ಹೆಣ್ಣಿನ ಮರ್ಯಾದೆ. ಆ ಕಾರಣ ಎಷ್ಟು ಗಟ್ಟಿ ಎಂದು ನೋಡಲು ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋಗಬೇಕು. ಅಲ್ಲಿನ ಹರೇದಿ ಸಮುದಾಯದ ಆಂಬುಲೆನ್ಸ್ ಸೇವೆ ‘ಹತ್ಸಲಾ’ದಲ್ಲಿ ಗಂಡಸರೇ ಸ್ವಯಂಸೇವಕರು. ಬೇರೆ ಗಂಡಸಿನ ಕೈ ಕುಲುಕದ ಹೆಣ್ಣು, ಮನೆಯಲ್ಲೇ ತುರ್ತಾಗಿ ಹೆರಿಗೆಯಾದರೆ ಪಕ್ಕದ ಬೀದಿಯ ಗಂಡಸರ ಮುಂದೆ ಮಲಗಬೇಕಾಗಿತ್ತು. ಸೇರಿಸಿಕೊಳ್ಳಿ ಎಂದು ಹೆಂಗಸರು ಕೇಳಿದರು, ಸಂಸ್ಥೆ ಒಪ್ಪಲಿಲ್ಲ. ಆಗ ಹರೇದಿಗಳಲ್ಲೇ ಒಂದಾದ ಹಸೀದಿ ಪಂಥದ ವಕೀಲೆ ರಾಖೆಲ್ ಫ್ರೈಯರ್ ಮುಂದಾಗಿ 2014ರಲ್ಲಿ ‘ಎಜ್ರಾಸ್ ನಾಶಿಮ್’ ಎಂಬ ಹೆಂಗಸರ ತುರ್ತುಸೇವೆ ಕಟ್ಟಿದರು. 2016ರಲ್ಲಿ ಅವರು ಚುನಾವಣೆ ಗೆದ್ದು ನ್ಯಾಯಾಧೀಶೆಯಾದರು. 2020ರಲ್ಲಿ ಸಂಸ್ಥೆಗೆ ಸ್ವಂತ ಆಂಬುಲೆನ್ಸ್ ಓಡಿಸುವ ಅನುಮತಿಯೂ ಸಿಕ್ಕಿತು.

ಇಷ್ಟಾದರೂ ಒಳಗಿನಿಂದ ದೂರು ಏಳುವುದು ಅಪರೂಪ. ಯಾಕೆಂದರೆ ದೂರಿನ ಬೆಲೆ ದೂರು ಕೊಟ್ಟವಳ ತಲೆಯ ಮೇಲಷ್ಟೇ ಬೀಳುವುದಿಲ್ಲ. ಹರೇದಿ ಶಾಲೆಗಳಲ್ಲಿ ಮಗುವಿನ ಅರ್ಜಿ ನೋಡುವಾಗ ತಾಯಿತಂದೆಯ ನಡತೆಯನ್ನೂ ತೂಗುತ್ತಾರೆ. ಮದುವೆಯ ಸಂಬಂಧ ಕೂಡಿಸುವ ದಲ್ಲಾಳಿಯೂ ಮೊದಲು ವಿಚಾರಿಸುವುದು ಮನೆತನದ ಹೆಸರನ್ನೇ. ಮಗಳು ಶಾಲೆಗೆ ಸೇರುವ ವರ್ಷ ತಾಯಿ ಲೇಬರ್ ಕೋರ್ಟಿನ ಮೆಟ್ಟಿಲು ಹತ್ತುವುದು ಕಷ್ಟ.