ಎಳೆಜೋಳದ ನಂಜು: ಗಿಡದ ಲೆಕ್ಕ, ನಮ್ಮ ಎಚ್ಚರ

ಅಥಣಿ ಕಡೆಯ ಒಣಬೇಸಾಯದ ಹೊಲ ನಮ್ಮದು. ಒಂದು ವರ್ಷ ಮುಂಗಾರಿ ಜೋಳ ಕೊಯ್ದ ಮೇಲೆ ಕೂಳೆ ಹಾಗೇ ಬಿಟ್ಟಿದ್ದೆ. ನಡುವೆ ಒಂದು ಮಳೆ ಬಿತ್ತು. ಎಂಟು ದಿನದಲ್ಲಿ ಗೇಣುದ್ದ ಚಿಗುರು. ಹಸಿದ ಆಕಳು ಹಗ್ಗ ಹರಕೊಂಡು ಹೋಗಿ ಮೇಯಿತು. ಅರ್ಧ ತಾಸಿನಲ್ಲಿ ಏದುಸಿರು, ಬಾಯಲ್ಲಿ ನೊರೆ, ಕಾಲು ನಡುಗಿ ಬಿದ್ದೇಬಿಟ್ಟಿತು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ‘ಯಾರೋ ವಿಷ ಹಾಕ್ಯಾರ’ ಅಂದರು ಮಂದಿ. ವಿಷ ಹಾಕಿದ್ದು ಜೋಳವೇ.

ಗಿಡಕ್ಕೇಕೆ ವಿಷ?

ತಿನ್ನಲು ಬಂದವರಿಂದ ಗಿಡ ಓಡಲಾರದು. ಅದಕ್ಕೇ ಮೈಯೊಳಗೆ ಮದ್ದು ಕೂಡಿಡುತ್ತದೆ. ಜೋಳದಲ್ಲಿ ಇದು ‘ಧುರಿನ್’. ಇದು ಒಂದು ಕಡೆ, ಇದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ. ಗಿಡ ಸುಮ್ಮನಿದ್ದರೆ ಎರಡೂ ಕೂಡವು. ದನ ಅಗಿದಾಗ ಬೆರೆತು ಹೈಡ್ರೋಸಯನಿಕ್ ಆಮ್ಲ ಹುಟ್ಟುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳೂ ಇದಕ್ಕೆ ನೆರವಾಗುತ್ತವೆ. ಆಮೇಲೆ ರಕ್ತದಲ್ಲಿ ಪ್ರಾಣವಾಯು ಇದ್ದರೂ ಮೈಯ ಜೀವಕೋಶಗಳಿಗೆ ಅದನ್ನು ಬಳಸಲಾಗದು. ರಕ್ತ ಕಡುಗೆಂಪಾಗಿ ಕಾಣುವುದು ಇದರಿಂದಲೇ.

ಮದ್ದಿನ ಪ್ರಮಾಣ ಸದಾ ಒಂದೇ ಅಲ್ಲ. ಎಳೆ ಸಸಿ, ಕೂಳೆ ಚಿಗುರು, ಬರದಲ್ಲಿ ಕುಗ್ಗಿದ ಬೆಳೆ, ಯೂರಿಯಾ ಜಾಸ್ತಿಯಾದ ಬೆಳೆ – ಇವುಗಳಲ್ಲಿ ವಿಷ ಹೆಚ್ಚು. ಗಿಡ ಬಲಿತಂತೆ ಕಡಿಮೆ. ಕಳಕೊಂಡರೆ ಚೇತರಿಸಲಾಗದ ವಯಸ್ಸಿನಲ್ಲೇ ಕಾವಲು ಗಟ್ಟಿ ಇರುವುದು, ನೋಡಿ.

ಗುಡ್ಡದ ಮೇಲೆ, ನಿಪ್ಪಾಣಿಯಲ್ಲಿ

ಜಾಗಕ್ಕೆ ತಕ್ಕಂತೆಯೂ ಕಾವಲು ಬದಲಾಗುತ್ತದೆ. ಯುರೋಪಿನ ಆಲ್ಪ್ಸ್ ಪರ್ವತದ ಬಿಳಿ ಕ್ಲೋವರ್ ಎಂಬ ಮೇವಿನ ಗಿಡದಲ್ಲೂ ಇದೇ ಸಯನೈಡ್ ವಿಷವುಂಟು. ಕೆಳಗಿನ ಬಯಲಿನಲ್ಲಿ ವಿಷದ ಗಿಡಗಳು ಹೆಚ್ಚು, ಮೇಲೇರಿದಂತೆ ಕಡಿಮೆ ಎಂದು 1954ರಲ್ಲೇ ಪ್ರಕಟವಾಗಿದೆ. ಎತ್ತರದಲ್ಲಿ ಚಳಿ ಹೆಚ್ಚು, ತಿನ್ನುವ ಹುಳು ಕಮ್ಮಿ. ಹಿಮ ಬಿದ್ದು ಎಲೆ ಒಡೆದರೆ ತನ್ನ ವಿಷ ತನಗೇ ಕುತ್ತು ಎಂಬ ವಿವರಣೆಯೂ ಇದೆ. ಮರಗಳಲ್ಲೂ ಎತ್ತರಕ್ಕೆ ತಕ್ಕಂತೆ ಒಗರು, ಕಹಿ ಏರಿಳಿಯುತ್ತವೆ. ಆದರೆ ಎಲ್ಲ ಜಾತಿಯಲ್ಲೂ ಒಂದೇ ದಿಕ್ಕಿಗಲ್ಲ.

ನಿಪ್ಪಾಣಿ, ಚಿಕ್ಕೋಡಿಯ ತಂಬಾಕಿನವರಿಗೆ ಇದು ಹೊಸದೇನಲ್ಲ. ಕುಡಿ ಚಿವುಟಿದರೆ ಎಲೆ ಖಡಕ್ ಆಗುತ್ತದೆ. ಗಾಯವಾಯಿತೆಂಬ ಸುದ್ದಿ ಬೇರಿಗೆ ಮುಟ್ಟುತ್ತದೆ; ಬೇರು ಹೆಚ್ಚು ನಿಕೋಟಿನ್ ಮಾಡಿ ಮೇಲಕ್ಕೆ ಕಳಿಸುತ್ತದೆ. ಹುಳಕ್ಕೆಂದು ಗಿಡ ಕೂಡಿಟ್ಟ ವಿಷವನ್ನೇ ನಾವು ಬೀಡಿಗೆ ಮಾರುತ್ತೇವೆ!

ನಾವು ಏನು ಮಾಡಬೇಕು?

* ಮೊಳಕಾಲುದ್ದ ಆಗದ ಜೋಳಕ್ಕೂ ಕೂಳೆ ಚಿಗುರಿಗೂ ದನ, ಆಡು, ಕುರಿ ಬಿಡಬೇಡಿ. ಮೇವಿನ ಜೋಳವನ್ನು ಅರ್ಧದಷ್ಟು ಹೂ ಬಂದ ಮೇಲೆ ಕೊಯ್ಯುವುದು ಕ್ಷೇಮ.
* ಬರದಲ್ಲಿ ಬಾಡಿದ ಬೆಳೆ ಮಳೆಯಾದ ಕೂಡಲೇ ಚಿಗುರುತ್ತದೆ. ಆಗಲೇ ಅಪಾಯ ಹೆಚ್ಚು. ನೀರಿನ ಅನುಕೂಲವಿದ್ದರೆ ನೀರು ಕೊಟ್ಟು, ಬೆಳೆ ಚೇತರಿಸಿ ಬಲಿತ ಮೇಲೆ ಕೊಯ್ಯಿರಿ.
* ಯೂರಿಯಾ ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡಿ.
* ಹಸಿದ ದನಕ್ಕೆ ಮೊದಲು ಕಣಕಿ ಹಾಕಿ. ಹಸಿ ಜೋಳ ಆಮೇಲೆ, ಸ್ವಲ್ಪವೇ.
* ಬಿಸಿಲಿಗೆ ಚೆನ್ನಾಗಿ ಒಣಗಿಸಿದರೆ, ರಸಮೇವು ಮಾಡಿ ಕೆಲವು ವಾರ ಬಿಟ್ಟರೆ ವಿಷ ಇಳಿಯುತ್ತದೆ. ಅರೆಬಾಡಿದ್ದನ್ನು ನಂಬಬೇಡಿ.

ನಂಜು ಏರಿದರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ರಕ್ತನಾಳಕ್ಕೆ ಬೇಗ ಬಿದ್ದರೆ ದನ ಎದ್ದು ನಿಲ್ಲುತ್ತದೆ. ‘ಜೋಳ ಮೇಯ್ದದೆ’ ಎಂದು ಫೋನಿನಲ್ಲೇ ಹೇಳಿ. ಡಾಕ್ಟರು ಔಷಧಿ ಜತೆಗೇ ತರುತ್ತಾರೆ.

ರಾಯಬಾಗ, ಕಾಗವಾಡದ ನೆಂಟರಿಗೆಲ್ಲ ಈಗ ನಾನು ಹೇಳುವುದು ಒಂದೇ: ಕೊಯ್ಲಾದ ಕೂಡಲೇ ಕೂಳೆ ಕಿತ್ತುಬಿಡಿ. ನಾನು ಆ ಒಂದು ದಿನದ ಕೆಲಸ ಮುಂದೆ ಹಾಕಿ ಆಕಳು ಕಳಕೊಂಡೆ.